ರಾಗಿ ಹೊಲದ ಪಕ್ಕ ಸೈಟಿನ ಕಲ್ಲು

ಪ್ರಶ್ನೆ: ನಮ್ಮದು ದೇವನಹಳ್ಳಿ ಕಡೆ ಹಳ್ಳಿ. ಸುತ್ತ ಇನ್ನೂ ಮನೆಗಳೇನೂ ಎದ್ದಿಲ್ಲ. ಆದರೂ ಒಬ್ಬೊಬ್ಬರೇ ರಾಗಿ ಬಿತ್ತುವುದು ಬಿಟ್ಟರು. ಕೆಲವರದು ನೀಲಗಿರಿ, ಕೆಲವರದು ಬೀಳು, ಈಗ ಅಲ್ಲಲ್ಲಿ ಸೈಟಿನ ಕಲ್ಲು. ಸಿಟಿ ಬರುವ ಮುಂಚೆಯೇ ಬೇಸಾಯ ಯಾಕೆ ನಿಲ್ಲುತ್ತೆ?

ಉತ್ತರ: ಸಿಟಿ ಬರುವ ಮುಂಚೆ ಅದರ ರೇಟು ಬರುತ್ತೆ, ಅದಕ್ಕೆ. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ನಿಮ್ಮ ಕಡೆ ಏನಾಯ್ತು ಅಂತ ನೀವೇ ನೋಡಿದ್ದೀರಿ. ಇವತ್ತಲ್ಲ ನಾಳೆ ಮಾರುವ ಹೊಲಕ್ಕೆ ಗೊಬ್ಬರ ಹೊಡೆಸೋರು ಯಾರು? ಕೂಲಿಗೆ ಬರುತ್ತಿದ್ದ ಹುಡುಗರು ಗೋಡೌನು, ಸೆಕ್ಯೂರಿಟಿ ಕೆಲಸ ಅಂತ ಹೋದರು. ನೀಲಗಿರಿಗೆ ಕಾವಲೂ ಬೇಡ, ಕಳೆ ಕೀಳುವುದೂ ಬೇಡ, ಕಡಿದರೆ ಮತ್ತೆ ಚಿಗುರುತ್ತೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಆದರೆ ಅಷ್ಟರಲ್ಲಿ ಎಷ್ಟೋ ಹೊಲ ರಾಗಿಯಿಂದ ಆಚೆ ಹೋಗಿಯಾಗಿತ್ತು.

ಇನ್ನೊಂದು ಕಾರಣ ಯಾವ ನಕ್ಷೆಯಲ್ಲೂ ಕಾಣಲ್ಲ. ಹತ್ತು ಹೊಲದಲ್ಲಿ ರಾಗಿ ಇದ್ದಾಗ ಗುಬ್ಬಿ, ಗಿಣಿ, ನವಿಲು ಎಲ್ಲ ಹಂಚಿಕೊಂಡು ತಿನ್ನುತ್ತವೆ. ಒಂಬತ್ತು ಜನ ಬಿಟ್ಟು ಒಬ್ಬರೇ ಬೆಳೆದರೆ ಅಷ್ಟೂ ಹಕ್ಕಿ ಆ ಒಂದೇ ಹೊಲಕ್ಕೆ ಇಳಿಯುತ್ತವೆ! ಪಕ್ಕದವರು ಕಾಂಪೌಂಡ್ ಹಾಕಿದರೆ ಕೊಯ್ಲಿನ ಮಷಿನ್ನಿಗೆ ದಾರಿ ಇಲ್ಲ. ಮೇಲಿನ ಹೊಲದವರು ಮಟ್ಟ ಮಾಡಿ ಕಾಲುವೆ ಮುಚ್ಚಿದರೆ ಮಳೆ ನೀರು ಕೆರೆಗೂ ಇಲ್ಲ, ನಿಮಗೂ ಇಲ್ಲ. ಹೀಗಾಗಿ ಹತ್ತನೆಯವರು ಇಷ್ಟ ಇದ್ದು ಬೇಸಾಯ ಬಿಡುವುದಲ್ಲ, ಸಾಕಾಗಿ ಬಿಡುತ್ತಾರೆ.

ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಸಾವಿರ ದಿನ ದಾಟಿ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಎದುರಿಗೆ ಸರ್ಕಾರ ಅಂತ ಒಂದಿತ್ತು. ಎರಡೆಕರೆ, ಮೂರೆಕರೆ ಅಂತ ಸದ್ದಿಲ್ಲದೆ ಕರಗುವ ಜಮೀನಿಗೆ ಯಾರ ಬಾಗಿಲಲ್ಲಿ ಧರಣಿ ಕೂರೋದು?

ಪ್ರಶ್ನೆ: ಡಿಸಿ ಕನ್ವರ್ಷನ್ ಆಗಿದೆ ಅಂತ ಬ್ರೋಕರ್ ಪತ್ರ ತೋರಿಸುತ್ತಾರೆ. ಅಷ್ಟಿದ್ದರೆ ಸೈಟು ತಗೋಬಹುದಲ್ವಾ?

ಉತ್ತರ: ಸಾಲದು. ಕನ್ವರ್ಷನ್ ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಕೊಡುವ ಅನುಮತಿ. ಮಾಸ್ಟರ್ ಪ್ಲಾನಿನಲ್ಲಿ ಆ ಸರ್ವೆ ನಂಬರ್ ಹಳದಿಯೋ (ಮನೆಗೆ), ಹಸಿರೋ (ಬೇಸಾಯಕ್ಕೆ) ಅನ್ನೋದು ಬೇರೆ ವಿಷಯ, ಅದರ ಕಾಯ್ದೆಯೂ ಬೇರೆ. ಲೇಔಟಿಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಮೂರನೆಯದು. ಮೂರನ್ನೂ ಕೇಳಿ. ಸುಮ್ನೆ ಒಂದು ಲೆಕ್ಕ ಹಾಕಿ: ಎಕರೆ ಅಂದರೆ 40 ಗುಂಟೆ, 43,560 ಚದರಡಿ. ರಸ್ತೆ, ಪಾರ್ಕು ಎಲ್ಲ ಬಿಟ್ಟರೆ 30‌x40ರ ಸೈಟು ಇಪ್ಪತ್ತರ ಆಸುಪಾಸು ಸಿಗಬೇಕು. ಮೂವತ್ತು ಮೀರಿ ಕಲ್ಲು ನೆಟ್ಟಿದ್ದರೆ ಪಾರ್ಕು ಎಲ್ಲಿ ಹೋಯ್ತು ಅಂತ ಬ್ರೋಕರನ್ನೇ ಕೇಳಿ. ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕಾನೂನು ಬದಲಾಯ್ತು. ಕೊಂಡ ಮಾತ್ರಕ್ಕೆ ಅಲ್ಲಿ ಮನೆ ಕಟ್ಟಬಹುದು ಅಂತ ಜಾಸ್ತಿ ಜನ ತಪ್ಪು ತಿಳಿದಿದ್ದಾರೆ.

ಪ್ರಶ್ನೆ: ನಮ್ಮೂರ ಪಕ್ಕದ ಲೇಔಟು ವರ್ಷಗಳಿಂದ ಖಾಲಿ ಬಿದ್ದಿದೆ. ಹಸು ಮೇಯಿಸಬಹುದಾ?

ಉತ್ತರ: ಮೇಯಿಸುತ್ತಲೇ ಇದ್ದಾರಲ್ಲ! ಬೆಂಗಳೂರಿನ ಅಂಚಿನಲ್ಲಿ ಡೈರಿಗೆ ಬೀಳುವ ಹಾಲಿನಲ್ಲಿ ಇಂಥ ಖಾಲಿ ಸೈಟಿನ ಹುಲ್ಲಿನ ಪಾಲೂ ಇದೆ. ಓನರ್ ಯಾರು ಅಂತ ಗೊತ್ತಿದ್ದರೆ ಒಂದು ಮಾತು ಕೇಳಿಬಿಡಿ. ಹಸು ಬಿಡುವ ಮುಂಚೆ ಒಂದು ಸುತ್ತು ನಡೆದು ಬನ್ನಿ, ಬಾಟ್ಲಿ ಚೂರು ಬಿದ್ದಿರುತ್ತೆ.