ಮೂರು ವರ್ಷದ ಮಗ ಮೊಬೈಲ್ ಇಲ್ಲದೆ ಉಣ್ಣುವುದಿಲ್ಲ, ತರಕಾರಿ ಮುಟ್ಟುವುದೇ ಇಲ್ಲ. ಏನು ಮಾಡಲಿ?

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಎರಡು ವರ್ಷದ ಹಿಂದೆ ನನ್ನ ಮಗಳದ್ದೂ ಇದೇ ಕತೆ. ನಾನು ಮೊಬೈಲ್ ಹಿಡಿದು ಕೂರುತ್ತಿದ್ದೆ, ಅತ್ತೆ ಬಟ್ಟಲು ಹಿಡಿದು ಅಂಗಳದಲ್ಲಿ ಅವಳ ಹಿಂದೆ ಓಡುತ್ತಿದ್ದರು. ಒಂದು ಊಟಕ್ಕೆ ಒಂದು ಗಂಟೆ. ಅವಳ ಹೊಟ್ಟೆಗಿಂತ ಕಾಗೆಯ ಹೊಟ್ಟೆಗೆ ಹೋದದ್ದೇ ಜಾಸ್ತಿ.

ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟು ಆಗುತ್ತದೆ. ಆಮೇಲೆ ವರ್ಷಕ್ಕೆ ಎರಡು ಕಿಲೋ ಏರಿದರೂ ಸಾಕು. ಬೆಳವಣಿಗೆ ನಿಧಾನ ಆದಾಗ ಹಸಿವೂ ಇಳಿಯುತ್ತದೆ, ನಮಗೆ ಅದು ಹಠ ಅಂತ ಕಾಣುತ್ತದೆ. ಅಂಗನವಾಡಿಯಲ್ಲಿ ತೂಕ ನೋಡಿಸಿ. ಏರುತ್ತಾ ಇದ್ದರೆ ತುತ್ತು ಎಣಿಸುವುದು ಬಿಡಿ. ಏರದೆ ನಿಂತಿದ್ದರೆ ಡಾಕ್ಟರಿಗೆ ತೋರಿಸಿ.

ನಾವು ಮಾಡಿದ್ದು ಇಷ್ಟು. ಏನು, ಎಷ್ಟು ಹೊತ್ತಿಗೆ ಬಡಿಸುವುದು ಎಂಬುದು ನಮ್ಮ ಲೆಕ್ಕ. ಎಷ್ಟು ತಿನ್ನುವುದು ಎಂಬುದು ಅವಳ ಲೆಕ್ಕ. ಮೊಬೈಲ್ ಒಳಗಿಟ್ಟೆವು. ಮೂರು ದಿನ ಅಳು, ನಾಲ್ಕನೇ ದಿನದಿಂದ ನಮ್ಮ ಸಾಲಿನಲ್ಲೇ ಕೂತಳು. ನಮ್ಮ ತಟ್ಟೆಯಲ್ಲಿ ಇದ್ದದ್ದೇ ಅವಳಿಗೂ: ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾಂಬಾರು, ಒಂದು ಚಮಚ ಅಲಸಂಡೆ ಪಲ್ಯ. ಪಲ್ಯ ಮೊದಲ ದಿನ ನೆಲಕ್ಕೆ ಹೋಯಿತು. ಇನ್ನೊಂದು ದಿನ ನೆಕ್ಕಿ ಉಗುಳಿದಳು. ಹತ್ತನೆಯದೋ ಹನ್ನೆರಡನೆಯದೋ ಸಲಕ್ಕೆ ಸದ್ದಿಲ್ಲದೆ ತಿಂದಳು. ಹೊಸ ರುಚಿ ಒಗ್ಗಲು ಮಕ್ಕಳಿಗೆ ಹತ್ತು ಹದಿನೈದು ಸಲ ಹಿಡಿಯುವುದುಂಟು. ನಾವು ಮೂರನೇ ಸಲಕ್ಕೇ "ಇವಳಿಗೆ ಇದು ಆಗುವುದಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಸೊಪ್ಪಿಗೆ ಬೇರೆ ದಾರಿ ಸಿಕ್ಕಿತು. ನಮ್ಮ ತೋಟದಲ್ಲಿ ನೀರು ಹರಿಯುವ ಕಣಿಯ ಬದಿಯಲ್ಲಿ ಒಂದೆಲಗ ಬೇಕಾದಷ್ಟಿದೆ. ಕೀಳುವ ಕೆಲಸ ಅವಳಿಗೇ ಕೊಟ್ಟೆ. ತೆಂಗಿನಕಾಯಿ ಹಾಕಿ ಅರೆದು, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದರೆ "ನನ್ನ ಸೊಪ್ಪು" ಅಂತ ಎಲ್ಲರಿಗೂ ಹೇಳಿಕೊಂಡು ಉಣ್ಣುತ್ತಾಳೆ. ಮಿಕ್ಸಿಯಲ್ಲಿ ಅರೆದದ್ದು ತಂಬುಳಿಯೇ ಅಲ್ಲ ಅಂತಾರೆ ಅತ್ತೆ. ಅದು ಬೇರೆ ಜಗಳ.

ನಿಜವಾದ ಕಷ್ಟ ಊಟದ ನಡುವಿನದ್ದು. ಹನ್ನೊಂದಕ್ಕೆ ಬಿಸ್ಕತ್ತು, ಪೇಟೆಗೆ ಹೋದವರು ತರುವ ಬೇಕರಿ ತಿಂಡಿ, ಮೇಲಿಂದ ಮೇಲೆ ಹಾಲು. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಕುಡಿದರೆ ಅನ್ನಕ್ಕೆ ಜಾಗವೇ ಇರುವುದಿಲ್ಲ, ರಕ್ತದಲ್ಲಿ ಕಬ್ಬಿಣದ ಅಂಶವೂ ಕಡಿಮೆ ಆಗಬಹುದು. ಇಲ್ಲಿ ಕೇರಳದಲ್ಲಿ ಚಿಕ್ಕ ಮಕ್ಕಳಿಗೆಂದು ಅಂಗನವಾಡಿಯಿಂದ ಬರುವ ಪೌಷ್ಟಿಕ ಹಿಟ್ಟು, ಅಮೃತಂ ಪುಡಿ, ಮನೆಯಲ್ಲಿ ಉಳಿದಿದ್ದರೆ ಉಂಡೆ ಕಟ್ಟಿ ಕೊಡಿ. ಅದರಲ್ಲಿ ಮೊದಲೇ ಸಕ್ಕರೆ ಇದೆ, ಮತ್ತೆ ಬೆಲ್ಲ ಹಾಕಬೇಡಿ. ಮತ್ತೆ, "ಪಲ್ಯ ತಿಂದರೆ ಚಾಕಲೇಟ್" ಎನ್ನುವ ವ್ಯಾಪಾರ ಬೇಡವೇ ಬೇಡ. ನಾನು ಮಾಡಿದ್ದೆ. ಚಾಕಲೇಟಿನ ರೇಟು ಏರುತ್ತಾ ಹೋಯಿತು, ಪಲ್ಯ ಇದ್ದಲ್ಲೇ ಇತ್ತು.

ಈಗಲೂ ಎಲ್ಲ ತಿನ್ನುತ್ತಾಳೆ ಅಂದುಕೊಳ್ಳಬೇಡಿ. ನಿನ್ನೆ ಹಾಗಲಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳಿದಳು. ಪಕ್ಕದಲ್ಲಿ ಅವಳ ಅಪ್ಪನೂ ತಳ್ಳಿದ್ದರು. ಯಾರಿಗೆ ಹೇಳುವುದು?