ಗಜನಿಯಲ್ಲಿ ಕಾಂಡ್ಲಾ ಬೆಳೆಸಿದರೆ ಕಾರ್ಬನ್ ಹಣ ಬರುತ್ತದೆಯೇ?

ಪ್ರಶ್ನೆ: ಅಘನಾಶಿನಿ ಅಳಿವೆಯ ಬಳಿ ನಮಗೆ ಎರಡು ಎಕರೆ ಗಜನಿ ಭೂಮಿ (ಉಪ್ಪುನೀರು ಬರುವ, ಕಟ್ಟೆ ಕಟ್ಟಿದ ತಗ್ಗು ಗದ್ದೆ) ಇದೆ. ಉಪ್ಪು ತಾಳುವ ಕಗ್ಗದ ಭತ್ತ ಬೆಳೆಯುವುದನ್ನು ನಿಲ್ಲಿಸಿ ಹತ್ತು ವರ್ಷ ದಾಟಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಘಟ್ಟದ ಕಾಡಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಡುತ್ತವೆ, ಅವನ್ನು ನೆಟ್ಟರೆ ಕಾರ್ಬನ್ ಕ್ರೆಡಿಟ್ (ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರ) ಮಾರಬಹುದು ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ಮೊದಲ ಮಾತು ಬಹುಮಟ್ಟಿಗೆ ನಿಜ, ಎರಡನೆಯದನ್ನು ನಂಬಿ ಖರ್ಚಿಗೆ ಇಳಿಯಬೇಡಿ.

ಕಾಂಡ್ಲಾ ಕಾಡಿನ ಕೆಸರಿನಲ್ಲಿ ಕಾಲಿಟ್ಟಾಗ ಕೊಳೆತ ಮೊಟ್ಟೆಯ ವಾಸನೆ ಬರುವುದನ್ನು ನೀವು ಬಲ್ಲಿರಿ. ಆ ಕೆಸರಿನೊಳಗೆ ಆಮ್ಲಜನಕ ಇಲ್ಲವೆಂಬುದಕ್ಕೆ ಅದೇ ಗುರುತು. ಉದುರಿದ ಎಲೆ, ಸತ್ತ ಬೇರು, ಭರತದ ನೀರು ಹೊತ್ತು ತಂದ ಕಸಕಡ್ಡಿ ಅಲ್ಲಿ ಬಲು ನಿಧಾನವಾಗಿ ಕೊಳೆಯುವುದರಿಂದ, ಅವುಗಳ ಇಂಗಾಲ ಪದರ ಪದರವಾಗಿ ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ವಲಯದ 25 ಕಾಂಡ್ಲಾ ಕಾಡುಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಕಂಡುಬಂತು. ಅದರ ಬಹುಪಾಲು ಮರದಲ್ಲಲ್ಲ, ಮಣ್ಣಿನಲ್ಲಿತ್ತು. ಈ ಅಂಕಿಯನ್ನು ನಮ್ಮ ಅಳಿವೆಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಸಿಗಡಿ ಕೊಳಕ್ಕೆಂದು ಹಳೆಯ ಕಾಂಡ್ಲಾ ಕಡಿದು ಕೆಸರು ಅಗೆದರೆ ಮಣ್ಣಿಗೆ ಗಾಳಿ ತಗುಲಿ, ಹಾಗೆ ಕೂಡಿಟ್ಟದ್ದು ಕೆಲವೇ ವರ್ಷಗಳಲ್ಲಿ ಆಕಾಶಕ್ಕೆ ಹೋಗಲು ಆರಂಭಿಸುತ್ತದೆ. ಹೊಸದಾಗಿ ನೆಟ್ಟ ಗಿಡ ಅದನ್ನು ತುಂಬಿಕೊಡಲು ತಲೆಮಾರುಗಳೇ ಬೇಕು. ಆದ್ದರಿಂದ ಇರುವುದನ್ನು ಉಳಿಸುವುದೇ ನೆಡುವುದಕ್ಕಿಂತ ದೊಡ್ಡ ಕೆಲಸವೆಂದು ನನ್ನ ಅಭಿಪ್ರಾಯ. ಫೋಟೊ ತೆಗೆಸಿಕೊಳ್ಳಲು ಮಾತ್ರ ನೆಡುವುದೇ ಅನುಕೂಲ.

ಇನ್ನು ಹಣದ ಮಾತು. ಕೆನ್ಯಾದ ಗಾಜಿ ಕೊಲ್ಲಿಯಲ್ಲಿ ಹಳ್ಳಿಗರೇ 117 ಹೆಕ್ಟೇರ್ ಕಾಂಡ್ಲಾ ಕಾಡನ್ನು ನೋಡಿಕೊಂಡು, ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಕ್ರೆಡಿಟ್ ಮಾರಿ, ಆ ಹಣವನ್ನು ಕುಡಿಯುವ ನೀರು ಮತ್ತು ಶಾಲೆಗೆ ಬಳಸಿದ್ದಾರೆ. ಅಷ್ಟು ದೊಡ್ಡ ಕಾಡಿಗೂ ಬಂದದ್ದು ಊರಿಗೆ ಒದಗುವಷ್ಟು ಹಣವೇ ಹೊರತು ಮನೆ ಮನೆ ಸಂಸಾರ ನಡೆಸುವಷ್ಟಲ್ಲ. ಮಣ್ಣಿನ ಅಳತೆ, ತಪಾಸಣೆ, ನೋಂದಣಿಗಳ ಖರ್ಚನ್ನು ಎರಡು ಎಕರೆ ಎಂದಿಗೂ ಹೊರಲಾರದು.

ಆದರೂ ಕಾಂಡ್ಲಾ ಬೇಕೆನಿಸಿದರೆ ಗಿಡ ಕೊಳ್ಳುವ ಮೊದಲು ಉಪ್ಪುನೀರಿನ ದಾರಿ ನೋಡಿ. ಕಾಂಡ್ಲಾದ ಕೆಲವು ಜಾತಿಗಳ ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಜೋತು ಬಿದ್ದು, ಕಳಚಿದ ಮೇಲೆ ನೀರಿನಲ್ಲಿ ತೇಲಿ ಎಲ್ಲೋ ಕೆಸರಿಗೆ ನಾಟುತ್ತದೆ. ಭರತ ಇಳಿತ ಸರಿಯಾಗಿ ಆಡುವ ಕಡೆ, ಹತ್ತಿರದಲ್ಲಿ ತಾಯಿಮರಗಳಿದ್ದರೆ, ಅವು ತಾವಾಗಿಯೇ ಬರುತ್ತವೆ. ಅಳಿವೆಯ ಬಯಲು ಕೆಸರಿನಲ್ಲಿ ಮಾತ್ರ ನೆಡಲು ಹೋಗಬೇಡಿ. ಬಳಚು (ಕೆಸರಿನ ಚಿಪ್ಪುಜೀವಿ) ಆರಿಸಿ ಬದುಕುವವರ ಹೊಲವೇ ಅದು.

ಒಂದು ತೊಡಕಿದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಕಾಂಡ್ಲಾಕ್ಕೆ ಕಟ್ಟುನಿಟ್ಟಿನ ರಕ್ಷಣೆ ನೀಡಿರುವುದರಿಂದ, ಮುಂದೆ ಮಕ್ಕಳು ಮತ್ತೆ ಕಗ್ಗ ಬಿತ್ತುತ್ತೇವೆಂದರೆ ಗಿಡ ಕಡಿಯುವುದು ಸುಲಭವಾಗದು. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಗಜನಿಯ ಕಟ್ಟೆಯೂ ನಿಮ್ಮೊಬ್ಬರದಾಗಿರಲಾರದು. ಅದನ್ನು ಒಡೆದು ನೀರು ಬಿಟ್ಟರೆ ಪಕ್ಕದ ಗದ್ದೆಯ ಕಗ್ಗಕ್ಕೂ ಉಪ್ಪು ಮಿತಿಮೀರೀತು. ನೆರೆಯವರ ಒಪ್ಪಿಗೆ ಇಲ್ಲದೆ ಕಟ್ಟೆಗೆ ಕೈ ಹಾಕಬೇಡಿ.