ಹಳೇ ಗ್ರಾಮಫೋನ್ ಹಾಡು ‘ರೀಮಾಸ್ಟರ್’ ಆದಮೇಲೆ ಕಿವಿಗೆ ಯಾಕೆ ಚುಚ್ಚುತ್ತೆ?

ತಾತನ ಮನೆಯಲ್ಲಿ ಕೀ ಕೊಟ್ಟು ಹಾಕುತ್ತಿದ್ದ ಗ್ರಾಮಫೋನಿನಲ್ಲಿ ಇಂಪಾಗಿದ್ದ ಹಾಡೇ ಈಗ ‘ಡಿಜಿಟಲ್ ರೀಮಾಸ್ಟರ್’ ಅಂತ ಫೋನಿನಲ್ಲಿ ಕೇಳಿದರೆ ತಗಡು ಬಡಿದ ಹಾಗಿದೆ, ದೋಷ ರೆಕಾರ್ಡಿನದೋ ನನ್ನ ಕಿವಿಯದೋ ಅಂತ ಕೇಳಿದ್ದೀರಿ. ಕಿವಿಯದಂತೂ ಅಲ್ಲ. ಬಹಳಷ್ಟು ಸಲ ರೆಕಾರ್ಡಿನದೂ ಅಲ್ಲ. ಎಷ್ಟೋ ವರ್ಷದಿಂದ ಮನೆಯಲ್ಲೇ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಆ ಕರ್ಕಶ ಎಲ್ಲೆಲ್ಲಿ ಸೇರಿಕೊಳ್ಳುತ್ತೆ ಅಂತ ಒಂದೊಂದಾಗಿ ಕಂಡಿದ್ದೇನೆ.

ಮೊದಲು ಮುಳ್ಳು. ಹಳೇ ಪ್ಲೇಟಿನ ಗೀರು ಅಗಲ. ಅದಕ್ಕೆ ಸುಮಾರು 75 ಮೈಕ್ರಾನ್ ತ್ರಿಜ್ಯದ ತುದಿ ಬೇಕು. ಆಮೇಲೆ ಬಂದ, ಸಣ್ಣ ಗೀರಿನ ಎಲ್‌ಪಿ ರೆಕಾರ್ಡಿನ ಮುಳ್ಳಿನ ತುದಿ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ. ಅದನ್ನೇ ಹಾಕಿದರೆ ಗೀರಿನ ತಳಕ್ಕೆ ಇಳಿದು ಅಲ್ಲಿನ ಧೂಳು, ಪುಡಿಯನ್ನೆಲ್ಲ ಕೆರೆಯುತ್ತೆ. ಹಾಡು ಇರುವುದು ಗೀರಿನ ಗೋಡೆಗಳಲ್ಲಿ. ನಮ್ಮ ಅತ್ತೆ ಮನೆಯಿಂದ ಬಂದ ಒಂದು ದೇವರನಾಮದ ಪ್ಲೇಟನ್ನು ಮೊದಲ ಸಲ ಎಲ್‌ಪಿ ಮುಳ್ಳಿನಲ್ಲೇ ಹಾಕಿದ್ದೆ. ಶೀಟಿನ ಮಾಡಿನ ಮೇಲೆ ಮಳೆ ಸುರಿದ ಹಾಗೆ ಸದ್ದು, ಅದರ ಹಿಂದೆಲ್ಲೋ ಸಣ್ಣಗೆ ಹೆಣ್ಣು ದನಿ. ಸರಿಯಾದ ಮುಳ್ಳು ತರಿಸಿ ಅದೇ ಸಾಲು ಮತ್ತೆ ಹಾಕಿದಾಗ ಆಕೆ ಎದುರಿಗೇ ಬಂದು ಕೂತ ಹಾಗಾಯಿತು. ಅವತ್ತು ಆ ಹಾಡನ್ನು ನಾಲ್ಕು ಸಲ ಕೇಳಿದೆ.

ಆಮೇಲೆ ವೇಗ. ‘78’ ಅನ್ನುವುದು ಮೊದಮೊದಲಿನ ರೆಕಾರ್ಡುಗಳಿಗೆ ಹೆಸರಿಗೆ ಮಾತ್ರ. 74 ಸುತ್ತಿನಲ್ಲಿ ಕೆತ್ತಿದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಯಷ್ಟು) ಏರುತ್ತೆ, ದನಿ ಕೀರಲಾಗುತ್ತೆ. 1925ರ ನಂತರ ಮೈಕ್ ಇಟ್ಟು ಮಾಡಿದ ರೆಕಾರ್ಡುಗಳಲ್ಲಿ ಇನ್ನೊಂದು ತೊಡಕಿದೆ. ಕೆತ್ತುವಾಗ ಮಂದ್ರದ ಭಾಗವನ್ನು ಬೇಕೆಂದೇ ತಗ್ಗಿಸುತ್ತಿದ್ದರು, ಆಡಿಸುವಾಗ ಅಷ್ಟನ್ನು ಮತ್ತೆ ಎತ್ತಬೇಕು. ಎತ್ತದೆ ಬಿಟ್ಟರೆ ದನಿಗೆ ಮೈಯೇ ಇರುವುದಿಲ್ಲ.

ಇಷ್ಟನ್ನೂ ಸರಿಯಾಗಿ ಮಾಡಿದವರು ಕೂಡ ಎಡವುವುದು ‘ಸ್ವಚ್ಛ’ ಮಾಡುವಾಗ. ಮೈಕ್ ಬರುವ ಮುಂಚೆ ಕಹಳೆಯ ಮುಂದೆ ನಿಂತು ಹಾಡಿದ ರೆಕಾರ್ಡಿನಲ್ಲಿ ಸುಮಾರು 3000 ಹರ್ಟ್ಸ್ (ಸೆಕೆಂಡಿಗೆ 3000 ಕಂಪನ) ಮೇಲೆ ಸಂಗೀತ ಇರುವುದು ತೀರಾ ಕಡಿಮೆ. ಸ್ಪಷ್ಟತೆ ಬರಲಿ ಅಂತ ಅಲ್ಲಿಂದ ಮೇಲಿನದನ್ನು ಏರಿಸಿದರೆ ಏರುವುದು ಕೆರೆತ ಮಾತ್ರ. ಅದೂ 2000ದಿಂದ 5000 ಹರ್ಟ್ಸ್ ಒಳಗೆ, ನಮ್ಮ ಕಿವಿ ಎಲ್ಲಕ್ಕಿಂತ ಸೂಕ್ಷ್ಮವಾಗಿರುವ ಜಾಗದಲ್ಲೇ. ತಾತನ ಯಂತ್ರ ಇಂಪಾಗಿ ಕೇಳಿದ್ದಕ್ಕೆ ಒಂದು ಕಾರಣ ಇದೇ: ಆ ಯಂತ್ರದ ಕಹಳೆಗೆ ಅಷ್ಟು ಮೇಲಿನ ಸದ್ದನ್ನು ಜೋರಾಗಿ ಹೊರಡಿಸುವ ಶಕ್ತಿ ಇರಲಿಲ್ಲ.

ಏರಿಸಿದ ಮೇಲೆ ಕೆರೆತ ತಡೆಯಲಾಗದೆ ನಾಯ್ಸ್ ರಿಡಕ್ಷನ್ ಅನ್ನುವ, ಗದ್ದಲ ಅಳಿಸುವ ಸಾಫ್ಟ್‌ವೇರ್ ಹಾಕುತ್ತಾರೆ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ. ಒಂದೇ ಸಮನೆ ಬರುವ ಸದ್ದು ಯಾವುದೋ ಅದು ಗದ್ದಲ ಅನ್ನುವುದು ಆ ಸಾಫ್ಟ್‌ವೇರಿನ ಲೆಕ್ಕ. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಬರುವುದು ಶ್ರುತಿ! ಗದ್ದಲ ಇಂಥದ್ದು ಅಂತ ತೋರಿಸಲು ಶ್ರುತಿ ಮೀಟುತ್ತಿರುವ ಜಾಗದಿಂದ ಸ್ಯಾಂಪಲ್ ತೆಗೆದುಕೊಟ್ಟರೆ ಗದ್ದಲದ ಜೊತೆ ತಂಬೂರಿಯೂ ಸವೆದುಹೋಗುತ್ತೆ. ಸ್ವರ ನಿಲ್ಲಿಸುವ ಕಡೆ ಅದು ಮೆಲ್ಲಗೆ ಕರಗುವ ಬದಲು ನೀರಿನಲ್ಲಿ ಗುಳ್ಳೆ ಎದ್ದ ಹಾಗೆ ಕಿಲಕಿಲ ಅನ್ನುತ್ತೆ. ಕೊನೆಗೆ ಲಿಮಿಟರ್ ಹಾಕಿ ಮೆಲುದನಿ, ಗಟ್ಟಿದನಿ ಎಲ್ಲವನ್ನೂ ಒಂದೇ ಜೋರಿಗೆ ತಳ್ಳಿದರೆ ನೀವು ಹೇಳಿದ ತಗಡು ತಯಾರು.

ರೆಕಾರ್ಡಿನದೇ ತಪ್ಪು ಇಲ್ಲವೇ ಇಲ್ಲ ಅಂತಲ್ಲ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕಿತ್ತು. ಉಳಿಸಲು ಹೋಗಿ ಒಂದರಲ್ಲೇ ಹತ್ತು ಪ್ಲೇಟು ಹಾಕಿದ ಮನೆಗಳಲ್ಲಿ ತಾರಸ್ಥಾಯಿ ಬಂದ ಕಡೆಯೆಲ್ಲ ಗೀರು ಹರಿದಿರುತ್ತೆ. ಅದಕ್ಕೆ ಮದ್ದಿಲ್ಲ.

ಒಳ್ಳೆಯ ಪ್ರತಿ ಯಾವುದು ಅಂತ ತಿಳಿಯಲು ನಾನು ಮಾತು ಕೇಳುತ್ತೇನೆ. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡಿಗೆ ಹಾಡಲು ಶುರುಮಾಡಿ, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಅನೇಕ ರೆಕಾರ್ಡುಗಳ ಕೊನೆಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಅವರೇ ಹೇಳುತ್ತಾರೆ. ಅದು ಮನುಷ್ಯರ ಮಾತಿನ ಹಾಗೆ ಕೇಳಿದರೆ ಹಾಡನ್ನೂ ನಂಬಬಹುದು. ಅವರದೇ ಎರಡು ಮೂರು ಪ್ರತಿ ಹೋಲಿಸಿ ನೋಡಿ, ವ್ಯತ್ಯಾಸ ಒಂದೇ ಸಾಲಿನಲ್ಲಿ ಗೊತ್ತಾಗುತ್ತೆ.

ಸದ್ಯಕ್ಕೆ ನೀವು ಮಾಡಬಹುದಾದ್ದು: ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲಿ ಹಾಕಿ, ಈಕ್ವಲೈಸರಿನಲ್ಲಿ (ಮೇಲಿನ, ಕೆಳಗಿನ ಸದ್ದನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ) 3000 ಹರ್ಟ್ಸ್ ಆಚೆಯದನ್ನು ಚೆನ್ನಾಗಿ ಇಳಿಸಿ. ಸಾಧ್ಯವಾದರೆ ‘ಸ್ವಚ್ಛ’ ಮಾಡದ ಪ್ರತಿ ಹುಡುಕಿ. ಸುಯ್ ಅನ್ನುವ ಸದ್ದು ಇದ್ದರೆ ಇರಲಿ, ಎರಡು ನಿಮಿಷದಲ್ಲಿ ಕಿವಿ ಅದನ್ನು ಮರೆತು ಹಾಡಿನ ಕಡೆ ತಿರುಗುತ್ತೆ.

ತಾತನ ಪ್ಲೇಟುಗಳು ಇನ್ನೂ ಮನೆಯಲ್ಲಿದ್ದರೆ ದಯವಿಟ್ಟು ಸ್ಪಿರಿಟ್ ಹಾಕಿ ಒರೆಸಬೇಡಿ, ಅವು ಅರಗಿನವು, ಕರಗುತ್ತವೆ. ಲೇಬಲ್ ನೆನೆಯದ ಹಾಗೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ನೆರಳಲ್ಲಿ ಒಣಗಿಸಿ ನೇರವಾಗಿ ನಿಲ್ಲಿಸಿಡಿ.